ಸಹಾಯ ಬೇಕು: ಕೋವಿಡ್ ಟ್ರಯಲ್‌ಗೆ ಸೇರಿದವರು, ಬೇಡ ಅಂದವರು ಇದ್ದೀರಾ?

ನಮಸ್ಕಾರ. ನಾನು ಎಂಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. 2020-21ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಟ್ರಯಲ್‌ಗೆ (ಒಂದು ಚಿಕಿತ್ಸೆ ಕೆಲಸ ಮಾಡುತ್ತಾ ಅಂತ ರೋಗಿಗಳಲ್ಲಿ ನೋಡುವ ಪರೀಕ್ಷೆಗೆ) ಸೇರ್ತೀರಾ ಅಂತ ನಿಮ್ಮನ್ನೋ ಮನೆಯವರನ್ನೋ ಕೇಳಿದ್ದರೆ, ಏನು ಹೇಳಿದಿರಿ, ಯಾಕೆ ಅಂತ ತಿಳಿಸ್ತೀರಾ? ನಮ್ಮ ಅಪ್ಪನಿಗೆ ಆಕ್ಸಿಜನ್ ಹಾಕಿದ್ದಾಗ ಕೈಗೆ ದಪ್ಪ ಫಾರ್ಮ್ ಕೊಟ್ಟರು, ಓದೋಣ ಅಂದರೆ ಕನ್ನಡಕ ಮನೆಯಲ್ಲೇ ಉಳಿದಿತ್ತು, ಮಾಸ್ಕ್ ಸರಿಸಿ "ನಾನೇನು ಪ್ರಯೋಗದ ಇಲಿನಾ?" ಅಂದರು, ಸಹಿ ಹಾಕಲಿಲ್ಲ. ಆಗ ನನಗೂ ಅದೇ ಸರಿ ಅನಿಸಿತ್ತು. ಆದರೆ ಜನ ಪ್ಲಾಸ್ಮಾಗೆ (ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದ ದ್ರವಕ್ಕೆ) ಅಲೆಯುತ್ತಿದ್ದ ಆ ವರ್ಷ, ಅದರಿಂದ ಸಾವು ಕಡಿಮೆಯಾಗಲ್ಲ ಅಂತ ಗೊತ್ತಾಗಿದ್ದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಟ್ರಯಲ್‌ಗೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳು ಸೇರಿದ್ದರಿಂದ ಅಲ್ವಾ? ಟ್ರಯಲ್‌ಗೆ ಸೇರಿದರೂ ಹೊಸ ಚಿಕಿತ್ಸೆ ಸಿಗೋದು ಬಿಡೋದು ಚೀಟಿ ಎತ್ತಿದ ಹಾಗೆ ಅಂತ ಯಾರಾದರೂ ಬಿಡಿಸಿ ಹೇಳಿದ್ದರಾ? ಬೇಡ ಅಂದವರ ಕಾರಣವೇ ನನಗೆ ಜಾಸ್ತಿ ಬೇಕು. ಹೆಸರು, ಆಸ್ಪತ್ರೆ ಬರೆಯಬೇಡಿ. ಇನ್‌ಬಾಕ್ಸ್‌ಗೆ ವಾಯ್ಸ್ ಮೆಸೇಜ್ ಹಾಕಿದರೂ ಸಾಕು.