ಕಬ್ಬಿನ ಟ್ರೈಲರ್‌ಗೆ ಗುದ್ದಿದ ಹಳೇ 800: ಮನೇಲೇ ರಿಪೇರಿ ಮಾಡಿಕೊಂಡವರು ಇದ್ದೀರಾ?

ಕೇಳಿದವರು, ಮದ್ದೂರು

ಹೋದ ವಾರ ರಾತ್ರಿ, ಹಿಂದೆ ಕೆಂಪು ಲೈಟೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರೈಲರ್‌ಗೆ ನಮ್ಮ 2006ರ ಮಾರುತಿ 800 ಹೋಗಿ ಗುದ್ದಿತು. ಬ್ರೇಕ್ ತುಳಿದಿದ್ದೆ, ಸ್ಪೀಡು ಇಪ್ಪತ್ತೈದು ಮೂವತ್ತಿದ್ದಿರಬಹುದು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ ನಡುವೆ ಮಡಚಿಕೊಂಡಿದೆ, ಗ್ರಿಲ್ಲು, ಬಲಗಡೆ ಹೆಡ್‌ಲೈಟು ಪುಡಿಪುಡಿ, ಬಂಪರ್ ನೇತಾಡ್ತಿದೆ. ಮುಂದಿನ ಪ್ಯಾನೆಲ್ ಹಿಂದಕ್ಕೆ ಬಾಗಿ ರೇಡಿಯೇಟರ್‌ಗೆ ಒತ್ತಿದೆ, ಕೂಲೆಂಟ್ ತೊಟ್ಟಿಕ್ಕುತ್ತಿದೆ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ. ಗ್ಯಾರೇಜಲ್ಲಿ 38,000 ಅಂದರು. ಗಾಡಿ ಮಾರಿದರೂ ಅಷ್ಟು ಬರುತ್ತೋ ಇಲ್ಲವೋ. ಅಪ್ಪನ ಮೊದಲ ಕಾರು, ಮಾರೋ ಮಾತು ಎತ್ತಂಗಿಲ್ಲ. ಕೊಟ್ಟಿಗೆ ಪಕ್ಕ ಶೆಡ್ ಇದೆ, ಸ್ಪ್ಯಾನರ್ ಸೆಟ್ ಇದೆ, ವೆಲ್ಡಿಂಗ್ ಗೊತ್ತಿರೋ ಭಾವ ಇದ್ದಾರೆ. ಎಲ್ಲಿಂದ ಶುರು ಮಾಡಲಿ? ಮೊದಲು ಬಾನೆಟ್ ತಂದುಬಿಡಲಾ?

ತೀರ್ಥಹಳ್ಳಿ ಕಡೆಯಿಂದ

ಬಾನೆಟ್ ಈಗಲೇ ತರಬೇಡಿ ಮಾರಾಯ್ರೆ. ನಾನು ಮಾಡಿದ ತಪ್ಪೇ ಅದು. ನಂದೂ 800, ಮಳೆಗಾಲದಲ್ಲಿ ಜಾರಿ ರಸ್ತೆ ಪಕ್ಕದ ಧರೆಗೆ ಗುದ್ದಿದ್ದು. ಆತುರಕ್ಕೆ ಬಿದ್ದು ಗುಜರಿಯಿಂದ ಬಾನೆಟ್ ತಂದು ಕೂರಿಸಿದರೆ ಒಂದು ಕಡೆ ಬೆರಳು ಹೋಗುವಷ್ಟು ಸಂದು, ಇನ್ನೊಂದು ಕಡೆ ಫೆಂಡರ್‌ಗೆ ಉಜ್ಜುತ್ತದೆ. ವಾರವಿಡೀ ಹಿಂಜು ಸಡಿಲ ಮಾಡಿ ಬಿಗಿ ಮಾಡಿ ಸಾಕಾಯಿತು. ಸೊಟ್ಟ ಇದ್ದಿದ್ದು ಬಾನೆಟ್ ಅಲ್ಲ, ಗಾಡಿ.

ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಬಂಪರ್, ಗ್ರಿಲ್, ಹೆಡ್‌ಲೈಟ್ ತೆಗೀರಿ. ತೆಗೆಯುವ ಮುಂಚೆ ಪ್ರತಿ ವೈರಿನ ಫೋಟೋ ಹೊಡ್ಕೊಳ್ಳಿ, ಬೋಲ್ಟುಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕಿ. ಆಮೇಲೆ ಅಳತೆ ಟೇಪು. ಈ ಗಾಡಿಗೆ ಲಾರಿಯ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಇಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿರೋ ಚೌಕದ ಮೆಂಬರ್‌ಗಳೇ ಬೆನ್ನುಮೂಳೆ ಇದ್ದ ಹಾಗೆ. ಬಲಗಡೆ ಸ್ಟ್ರಟ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಮೇಲಿನ ನಟ್ಟಿನಿಂದ ಎಡಗಡೆ ಮೆಂಬರ್ ತುದಿಯ ತೂತಿಗೆ ಟೇಪು ಹಿಡೀರಿ, ಆಮೇಲೆ ಎಡಗಡೆ ನಟ್ಟಿನಿಂದ ಬಲಗಡೆ ತೂತಿಗೆ. ಎರಡು ಕರ್ಣವೂ ಒಂದೇ ಬರಬೇಕು. ಎರಡು ಮೂರು ಮಿಲಿಮೀಟರ್ ಆಚೀಚೆ ಇದ್ದರೆ ಪರವಾಗಿಲ್ಲ. ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೆ, ಇಲ್ಲಾ ಮೆಂಬರ್ ಮೇಲೆ ಕೈ ಆಡಿಸಿದಾಗ ಸುಕ್ಕು ಸಿಕ್ಕರೆ, ಶೆಡ್ಡಿನ ಕೆಲಸ ಅಲ್ಲ. ಬಾಡಿ ಎಳೆದು ನೇರ ಮಾಡುವ ಬೆಂಚ್ ಇರೋ ಕಡೆಗೆ ಕೊಡಿ, ಮಿಕ್ಕಿದ್ದನ್ನ ಮನೇಲಿ ಮಾಡಿಕೊಳ್ಳಿ.

ನಂದರಲ್ಲಿ ಮೆಂಬರ್ ಸರಿಯಾಗೇ ಇತ್ತು, ಮುಂದಿನ ಪ್ಯಾನೆಲ್ ಮಾತ್ರ ಒಳಗೆ ಹೋಗಿತ್ತು. ರೇಡಿಯೇಟರ್ ಬಿಚ್ಚಿಟ್ಟು, ಪ್ಯಾನೆಲ್ಲಿಗೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ, ಹಿತ್ತಲ ಹಲಸಿನ ಮರಕ್ಕೆ ಚೈನ್ ಬ್ಲಾಕ್ (ಕೈಯಿಂದ ಎಳೆಯುವ ಸರಪಳಿ ರಾಟೆ) ಕಟ್ಟಿದೆ. ಗಾಡಿಯ ಹಿಂಭಾಗವನ್ನ ಇನ್ನೊಂದು ಮರಕ್ಕೆ ಬಿಗಿದೆ. ಚೈನಿನ ಮೇಲೆ ಒದ್ದೆ ಗೋಣಿಚೀಲ ಹೊದೆಸಿ, ಅದರ ನೇರಕ್ಕೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ಕೊಂಡಿ ಕಿತ್ತು ಹಾರಿದರೆ ಕಾಲು ಮುರಿಯುತ್ತೆ. ಬೇರೊಂದು ಗಾಡಿಗೆ ಕಟ್ಟಿ ಜಗ್ಗುವವರೂ ಇದ್ದಾರೆ, ಆ ಕೆಲಸಕ್ಕೆ ಮಾತ್ರ ಹೋಗಬೇಡಿ, ಎಷ್ಟು ಎಳೆದೆವು ಅಂತ ಹಿಡಿತವೇ ಸಿಗಲ್ಲ. ಒಂದೊಂದು ಹಲ್ಲು ಎಳೆದು ನಿಲ್ಲಿಸಿ, ಬಿಗಿ ಇರುವಾಗಲೇ ಮಡಿಕೆಯ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿ. ಬರೀ ಎಳೆದರೆ ತಗಡು ಬಿಟ್ಟ ತಕ್ಷಣ ವಾಪಸ್ ಹೋಗುತ್ತೆ. ಗುದ್ದಿದಾಗ ಕೊನೆಗೆ ಮಡಚಿದ್ದು ಮೊದಲು ಬಿಚ್ಚಿಕೊಳ್ಳಬೇಕು, ಮೊದಲು ಮಡಚಿದ್ದು ಕೊನೆಗೆ.

ಚನ್ನಪಟ್ಟಣದಿಂದ, ಟಿಂಕರಿಂಗ್ ಕೆಲಸದವನು

ಮೇಲಿನ ಸಾರ್ ಹೇಳಿದ್ದು ಸರಿಯಾಗಿದೆ. ಗ್ಯಾಸ್ ಟಾರ್ಚ್ ವಿಷಯ ಒಂದು ಸೇರಿಸ್ತೀನಿ. ಬಗ್ಗಲಿ ಅಂತ ಮೆಂಬರ್ ಕೆಂಪಗೆ ಕಾಯಿಸೋರು ಇದ್ದಾರೆ. ಕಾಯಿಸಿದ ಜಾಗ ಮೆತ್ತಗಾಗುತ್ತೆ, ಇನ್ನೊಂದು ಸಲ ಗುದ್ದಿದರೆ ಅಲ್ಲೇ ಕುಸಿಯುತ್ತೆ. ಪ್ಯಾನೆಲ್ ತೀರಾ ಹರಿದಿದ್ದರೆ ತಗಡು ಕೂಡಿಸಿರೋ ಚುಕ್ಕೆ ಬೆಸುಗೆ, ಅಂದ್ರೆ ಸ್ಪಾಟ್ ವೆಲ್ಡ್, ಡ್ರಿಲ್ ಮಾಡಿ ಬಿಡಿಸಿ ಹೊಸದೇ ಹಾಕಿ. ಭಾವನೋರು ವೆಲ್ಡಿಂಗ್ ಮಾಡ್ತಾರೆ ಅಂದ್ರಿ, ಗೇಟು ಗ್ರಿಲ್ಲಿಗೆ ಹೊಡೆಯೋ ರಾಡ್ ವೆಲ್ಡಿಂಗ್ ಇಲ್ಲಿ ನಡೆಯಲ್ಲ, ತಗಡು ತೂತಾಗುತ್ತೆ. ಸಣ್ಣ ತಂತಿ, ಗ್ಯಾಸಿನಲ್ಲಿ ಬೆಸೆಯೋ ಸಿಒಟು ಮಷಿನ್ ಬೇಕು. ಹೆಡ್‌ಲೈಟು, ಬಾನೆಟ್, ಎರಡೂ ಫೆಂಡರ್ ಸುಮ್ಮನೆ ಕೂರಿಸಿ ಸಂದು ನೋಡಿಕೊಂಡೇ ವೆಲ್ಡ್ ಮಾಡಿ. ಮಾಡಿದ ಮೇಲೆ ಕೂರದಿದ್ದರೆ ತಲೆ ಚಚ್ಚಿಕೋಬೇಕು.

ಪುಟ್ಟಿ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಮೆತ್ತಬೇಡಿ. ಗುಜರಿ ಬಾನೆಟ್ ತರೋವಾಗ ಜೇಬಲ್ಲಿ ಅಯಸ್ಕಾಂತ ಇರಲಿ. ಎಲ್ಲಿ ಅಂಟಲ್ವೋ ಅಲ್ಲಿ ತಗಡಿಗಿಂತ ಪುಟ್ಟಿನೇ ಜಾಸ್ತಿ.

ಹುಬ್ಬಳ್ಳಿಯಿಂದ

ಎಸಿ ಗಾಡಿ ಐತೇನ್ರಿ? ಇದ್ರ ರೇಡಿಯೇಟರ್ ಮುಂದಿನ ಕಂಡೆನ್ಸರ್ (ಎಸಿ ಗ್ಯಾಸ್ ತಂಪು ಮಾಡೋ ಜಾಳಿಗಿ) ಪೈಪ್ ನೀವು ಬಿಚ್ಚಾಕ ಹೋಗಬ್ಯಾಡ್ರಿ. ಗ್ಯಾಸ್ ಪ್ರೆಶರ್ನ್ಯಾಗ ಇರತೈತಿ, ಕಣ್ಣಿಗೆ ಹಾರಿದ್ರ ಮುಗೀತು. ಎಸಿ ಮೆಕ್ಯಾನಿಕ್ಕಿಗೆ ಹೇಳಿ ಮೊದಲ ಗ್ಯಾಸ್ ತಗಿಸ್ರಿ. ಗುದ್ದಿದಾಗನ ಎಲ್ಲಾ ಸೋರಿ ಹೋಗಿದ್ರೂ ಅಂವ ನೋಡಿ ಹೇಳ್ಲಿ.

ಬಣ್ಣದ್ದೊಂದು ಮಾತು. ಹಳೇ ಗಾಡಿ ಬಿಸಲಿಗೆ ಮಾಸಿರತೈತಿ, ಕಂಪನಿ ಕೋಡ್ ಹೇಳಿ ತಂದ ಬಣ್ಣ ಕೂಡಂಗಿಲ್ಲ. ನಾ ಪೆಟ್ರೋಲ್ ಟ್ಯಾಂಕಿನ ಹೊರಗಿನ ಮುಚ್ಚಳ ಬಿಚ್ಚಿಕೊಂಡು ಹೋಗಿ ಅಂಗಡ್ಯಾಗ ಕಣ್ಣ ಮುಂದ ಕೂಡಿಸಿಕೊಂಡು ಬಂದೆ. ಮೆಟಾಲಿಕ್ ಇದ್ರ ಪೇಂಟರ್‌ಗೆ ಕೊಡ್ರಿ, ಬಿಳಿ ಇದ್ರ ನೀವ ಹೊಡೀರಿ. ಹಾರ್ಡನರ್ ಕೂಡಿಸೋ ಪೇಂಟಿನ ಗಾಳಿ ಪುಪ್ಪುಸಕ್ಕ ಭಾಳ ಕೆಟ್ಟದ್ರಿ, ಬಾಯಿಗೆ ಟವೆಲ್ ಕಟ್ಟಿಕೊಂಡ್ರ ಸಾಲಂಗಿಲ್ಲ. ಅದನ್ನ ಪೇಂಟ್ ಬೂತ್ ಇದ್ದವರಿಗೇ ಬಿಡ್ರಿ.

ಬೆಂಗಳೂರಿನಿಂದ, ಒಬ್ಬ ಗೃಹಿಣಿ

ನಮ್ಮ ಮನೆಯವರು ಇದೇ ಥರ ಹೊರಗೆಲ್ಲ ಚೆಂದ ಮಾಡಿಸಿದರು, ಗಾಡಿ ಹೊಸದರ ಹಾಗೆ ಕಾಣ್ತಿತ್ತು. ಎರಡೇ ತಿಂಗಳಿಗೆ ಎಡಗಡೆ ಟೈರು ಒಳಮೈ ಸವೆದು ದಾರ ಕಾಣಿಸಿತು. 800ರಲ್ಲಿ ಮುಂದಿನ ಚಕ್ರವನ್ನ ಕೆಳಗಿನಿಂದ ಹಿಡಿದಿರೋ ಲೋವರ್ ಆರ್ಮನ್ನ ಮುಂದಿನಿಂದ ಹಿಡಿದಿರೋದು ಸ್ಟೆಬಿಲೈಸರ್ ರಾಡ್ ಅನ್ನೋ ಅಡ್ಡ ಕಂಬಿ. ಕೆಳಗೆ ಪೆಟ್ಟು ಬಿದ್ದರೆ ಅದರ ಬ್ರಾಕೆಟ್ ಬಾಗಿ ಚಕ್ರ ಹಿಂದಕ್ಕೆ ಹೋಗುತ್ತೆ. ನೇರ ನಿಲ್ಲಿಸಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಮರೀಬೇಡಿ.

ಸಾಮಾನಿಗೆ ಹೊಸದಾದರೆ ಜೆ.ಸಿ. ರೋಡ್, ಹಳೇದಾದರೆ ಶಿವಾಜಿನಗರದ ಗುಜರಿ. ಒಡೆದ ಹೆಡ್‌ಲೈಟು, ಗ್ರಿಲ್ ಚೂರುಗಳನ್ನ ಚೀಲದಲ್ಲಿ ಹಾಕಿಕೊಂಡು ಹೋಗಿ. ಈ ಗಾಡಿ 1983ರಿಂದ 2014ರವರೆಗೆ ಬಂತು, ನಡುವೆ ಮುಖ ಎಷ್ಟೋ ಸಲ ಬದಲಾಯಿತು. "800ದು ಕೊಡಿ" ಅಂದರೆ ಯಾವುದೋ ಕೊಟ್ಟು ಕಳಿಸ್ತಾರೆ.

ತೀರ್ಥಹಳ್ಳಿಯವರು ಮತ್ತೆ

ಮುಖ್ಯದ್ದೇ ಬಿಟ್ಟೆ. ಬಾನೆಟ್ ಲಾಕ್. ಎಲ್ಲ ಮುಗಿಸಿ ಖುಷಿಯಲ್ಲಿ ಶಿವಮೊಗ್ಗಕ್ಕೆ ಹೊರಟಿದ್ದೆ. ಮಂಡಗದ್ದೆ ದಾಟುತ್ತಿದ್ದ ಹಾಗೆ ಢಬ್ ಅಂತ ಶಬ್ದ, ಕಣ್ಣ ಮುಂದೆ ಬರೀ ಬಿಳಿ ತಗಡು. ಸೀಟಿನಲ್ಲಿ ಕುಗ್ಗಿ, ಬಾನೆಟ್ ಕೆಳಗಿನ ಸಂದಿನಲ್ಲಿ ರಸ್ತೆಯ ಅಂಚು ನೋಡಿಕೊಂಡು ಮೆಲ್ಲಗೆ ಪಕ್ಕಕ್ಕೆ ತಂದೆ. ಪ್ಯಾನೆಲ್ ಎಳೆದಾಗ ಲಾಕ್ ಕೂರುವ ಜಾಗ ಅರ್ಧ ಸೆಂಟಿಮೀಟರ್ ವಾಲಿತ್ತು, ಕೊಕ್ಕೆ ತುದಿಯಲ್ಲಷ್ಟೇ ಕಚ್ಚಿತ್ತು. ಎರಡನೇ ಸೇಫ್ಟಿ ಕೊಕ್ಕೆ ಗುದ್ದಿದಾಗಲೇ ಬಾಗಿತ್ತು, ನಾನು ನೋಡಿರಲಿಲ್ಲ. ಲಾಕು ಹೊಸದೇ ಹಾಕಿ. ಒಂದು ಗೇಣು ಎತ್ತರದಿಂದ ಬಿಟ್ಟರೆ ಕಚ್ಚಬೇಕು. ಒಳಗಿನ ಲಿವರ್ ಎಳೆದ ಮೇಲೂ ಸೇಫ್ಟಿ ಕೊಕ್ಕೆ ಹಿಡಿದಿರಬೇಕು. ಹತ್ತು ಸಲ ಮಾಡಿ ನೋಡಿ.

ಮತ್ತೆ, ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಗಾಡಿಯ ಬಣ್ಣವನ್ನೂ ಬದಲಿಸಬೇಡಿ. 15 ವರ್ಷ ಮುಗಿದ ಗಾಡಿ, ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕು.

ಮದ್ದೂರಿನವರು, ಒಂದೂವರೆ ತಿಂಗಳ ನಂತರ

ಎಲ್ಲರಿಗೂ ಹೇಳಲೇಬೇಕು ಅಂತ ಬರೀತಿದ್ದೀನಿ. ಕರ್ಣದ ವ್ಯತ್ಯಾಸ 4 ಮಿಲಿಮೀಟರ್ ಬಂತು, ಮೆಂಬರ್‌ನಲ್ಲಿ ಸುಕ್ಕಿರಲಿಲ್ಲ. ಹಲಸಿನ ಮರ ಇರಲಿಲ್ಲ, ತೆಂಗಿನ ಮರಕ್ಕೆ ಕಟ್ಟಿ ಎಳೆದೆವು, 2ಕ್ಕೆ ಇಳಿಯಿತು. ನಮ್ಮದು ಎಸಿ ಇಲ್ಲದ ಗಾಡಿ, ಆ ತಲೆನೋವು ತಪ್ಪಿತು. ಪ್ಯಾನೆಲ್ ವೆಲ್ಡಿಂಗ್ ಹೊರಗೆ ಮಾಡಿಸಿದೆವು. ಸೋರ್ತಿದ್ದ ರೇಡಿಯೇಟರ್ ಬದಲಿಸಿ, ಫ್ಯಾನ್ ಎರಡು ಸಲ ತಾನಾಗೇ ತಿರುಗಿ ನಿಲ್ಲೋವರೆಗೂ ಇಂಜಿನ್ ಓಡಿಸಿ ನೀರಿನ ಮಟ್ಟ ನೋಡಿದ್ವಿ. ಶಿವಾಜಿನಗರದಲ್ಲಿ ಬಿಳೀ ಬಾನೆಟ್ಟೇ ಸಿಕ್ಕಿತು. ಎಲ್ಲಾ ಸೇರಿ 16,400 ಆಯಿತು, ಭಾವನ ಊಟ ಬಿಟ್ಟು. ಬಲಗಡೆ ಸಂದು ಇನ್ನೂ ಸ್ವಲ್ಪ ಜಾಸ್ತಿ ಇದೆ, ಹುಡುಕಿದರೆ ಕಾಣುತ್ತೆ.

ಅಪ್ಪ ಕೂತು ಮೊದಲು ಒತ್ತಿದ್ದೇ ಹಾರನ್. ಕೂಗಲಿಲ್ಲ. ಹೊಸ ಹಾರನ್ ತಂದೆ, ಅದೂ ಕೂಗಲಿಲ್ಲ. ಕೊನೆಗೆ ನೋಡಿದರೆ ಬ್ರಾಕೆಟ್ ಕೂರುವ ಜಾಗಕ್ಕೆಲ್ಲ ದಪ್ಪಗೆ ಪೇಂಟ್ ಹೊಡೆದಿದ್ದೆ, ಅರ್ತೇ (ಕರೆಂಟ್ ಬಾಡಿಗೆ ವಾಪಸ್ ಹೋಗೋ ದಾರಿ) ಸಿಕ್ಕಿರಲಿಲ್ಲ. ಬೋಲ್ಟ್ ಕೆಳಗೆ ಉಪ್ಪು ಕಾಗದದಲ್ಲಿ ನಾಣ್ಯದಷ್ಟು ಅಗಲ ಉಜ್ಜಿ ಬಿಗಿದ ಮೇಲೆ ಹಳೇ ಹಾರನ್ನೇ ಬೀದಿಯೆಲ್ಲ ಕೇಳೋ ಹಾಗೆ ಕೂಗಿತು. ಹೊಸದು ಡಬ್ಬಿಯಲ್ಲೇ ಇದೆ, ಯಾರಿಗಾದರೂ ಬೇಕಾದರೆ ಹೇಳಿ.