ಮಾರಾನೋ ಸೆರೆಂಗೆಟಿಯೋ? ಸಫಾರಿಗೆ ಹೋಗಿ ಬಂದವರು ಹೇಳಿ

(ಆನ್‌ಲೈನ್ ಚರ್ಚೆ; ಬರೆದವರ ಹೆಸರಿನ ಜಾಗದಲ್ಲಿ ಅವರ ಊರು)

ಉಟ್ರೆಕ್ಟ್: ಇಲ್ಲಿನ ಬೇಸಿಗೆ ರಜೆಗೆ, ಅಂದರೆ ಜುಲೈ ಆಗಸ್ಟ್‌ನಲ್ಲಿ, ಆಫ್ರಿಕಾ ಸಫಾರಿ ಅಂದುಕೊಂಡಿದ್ದೇವೆ. ನಾವಿಬ್ಬರು, 7 ಮತ್ತು 11 ವರ್ಷದ ಮಕ್ಕಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ 68, ಮೊಟ್ಟೆಯನ್ನೂ ಮುಟ್ಟಲ್ಲ. ಎಲ್ಲರದ್ದೂ ಇಂಡಿಯನ್ ಪಾಸ್‌ಪೋರ್ಟ್. ಅಲ್ಲಿಂದ ಹಾಗೇ ಬೆಂಗಳೂರಿಗೆ ಹೋಗಬೇಕು. ಕೀನ್ಯಾದ ಮಸಾಯಿ ಮಾರಾನೋ, ತಾಂಜಾನಿಯಾದ ಸೆರೆಂಗೆಟಿಯೋ? ಖರ್ಚು ಹೇಗೆ?

ಮ್ಯೂನಿಕ್: ತಾಂಜಾನಿಯಾ. ಎರಡನೇ ಮಾತೇ ಇಲ್ಲ. ನಾವು ಹೋಗಿದ್ದು ಫೆಬ್ರವರಿಯಲ್ಲಿ, ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ಡುಟು ಕಡೆ. ವೈಲ್ಡ್‌ಬೀಸ್ಟ್ (ಹಿಂಡಾಗಿ ವಲಸೆ ಹೋಗುವ, ಜಿಂಕೆ ಜಾತಿಗೆ ಹತ್ತಿರದ ದೊಡ್ಡ ಪ್ರಾಣಿ) ಮರಿ ಹಾಕುವ ಕಾಲ. ಕಣ್ಣೆದುರೇ ಒಂದು ಮರಿ ನೆಲಕ್ಕೆ ಬಿತ್ತು. ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ಸ್ವಲ್ಪ ಹೊತ್ತಿಗೆಲ್ಲ ತಾಯಿಯ ಹಿಂದೆ ಓಡುತ್ತಿತ್ತು. ನನ್ನ ಹೆಂಡತಿ ಅತ್ತೇಬಿಟ್ಟಳು.

ಇನ್ನು ಫೀ. ಸೆರೆಂಗೆಟಿಗೆ ದೊಡ್ಡವರಿಗೆ ದಿನಕ್ಕೆ 70 ಡಾಲರ್, ಮೇಲೆ 18% ವ್ಯಾಟ್, ಒಟ್ಟು 82.60. ಅದು 24 ಗಂಟೆಗೆ. ನಾಬಿ ಹಿಲ್ ಗೇಟಿನಲ್ಲಿ ಒಳಗೆ ಹೋದ ಗಂಟೆಯನ್ನೂ ನೋಡುತ್ತಾರೆ. ವಾಪಸ್ ಬರುವಾಗ ನಮ್ಮ ಗಾಡಿ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ. ಇನ್ನೊಂದು ಗಾಡಿಯವರು ಬಂದು ಪಂಪ್ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಗೇಟಿನಲ್ಲಿ ಇನ್ನೊಂದು ದಿನದ ಫೀ ಕಟ್ಟಿ ಅಂದರು. ಟೂರ್ ಕಂಪನಿಯವನಿಗೆ ಫೋನ್ ಮಾಡಿದರೆ "ಅದು ನಿಮ್ಮ ಲೆಕ್ಕ" ಅಂದ. ಗಾಡಿ ಅವನದು, ಟೈರ್ ಅವನದು, ಡ್ರೈವರ್ ಅವನ ಕಡೆಯವನು. ಫೀ ಮಾತ್ರ ನಮ್ಮದು! ಇವತ್ತಿಗೂ ಹೊಟ್ಟೆ ಉರಿಯುತ್ತೆ. ಪಕ್ಕದ ಎನ್ಗೊರೊಂಗೊರೊ ಜ್ವಾಲಾಮುಖಿ ಕುಳಿಯೊಳಗೆ ಇಳಿಯಲು ಗಾಡಿಗೆ 295 ಡಾಲರ್ ಬೇರೆ. ಕೊಟೇಶನ್‌ನಲ್ಲಿ "ಪಾರ್ಕ್ ಫೀ ಸೇರಿದೆ" ಅಂತಿದ್ದರೆ ಇದೂ ಸೇರಿದೆಯಾ ಅಂತ ಬರೆಸಿಕೊಳ್ಳಿ.

ಲೆಸ್ಟರ್: ಅವರು ಕೇಳಿದ್ದು ಬೇಸಿಗೆ ರಜೆಗೆ. ನೀವು ಫೆಬ್ರವರಿ ಕಥೆ ಹೇಳ್ತಿದ್ದೀರಿ. ಜುಲೈ ಆಗಸ್ಟ್ ಅಂದರೆ ಮಸಾಯಿ ಮಾರಾ. ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟುವ ಕಾಲ. ದಡದಲ್ಲಿ ಬೆಳಗ್ಗೆಯಿಂದ ಕಾದೆವು. ಸಾವಿರಾರು ಪ್ರಾಣಿ ಅಂಚಿಗೆ ಬರೋದು, ಹಿಂದೆ ಸರಿಯೋದು. ಮಧ್ಯಾಹ್ನ ಒಂದು ಧುಮುಕಿತು ನೋಡಿ, ಹಿಂದೆಯೇ ಎಲ್ಲವೂ. ಧೂಳಿನಲ್ಲಿ ಆಚೆ ದಡವೇ ಕಾಣಲಿಲ್ಲ. ಮಗ ಇಡೀ ವರ್ಷ ಅದನ್ನೇ ಹೇಳಿಕೊಂಡು ಓಡಾಡಿದ.

ದುಬಾರಿ, ನಿಜ. 2024ರಿಂದ ಜುಲೈನಿಂದ ಡಿಸೆಂಬರ್‌ವರೆಗೆ ದೊಡ್ಡವರಿಗೆ ದಿನಕ್ಕೆ 200 ಡಾಲರ್. ಉಳಿದ ತಿಂಗಳು 100. ಟಿಕೆಟ್ 12 ಗಂಟೆಗೆ ಮಾತ್ರ. ಆದರೆ ನನ್ನ ಸಿಟ್ಟು ಫೀ ಮೇಲಲ್ಲ, ವಿಮಾನದವರ ಮೇಲೆ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುವ ಸಣ್ಣ ವಿಮಾನಕ್ಕೆ ತಲೆಗೆ 15 ಕೆಜಿ, ಅದೂ ಮೆತ್ತನೆಯ ಬ್ಯಾಗ್. ಬುಕ್ ಮಾಡುವಾಗ ಒಬ್ಬರೂ ಹೇಳಲಿಲ್ಲ. ನಮ್ಮ ಗಟ್ಟಿ ಸೂಟ್‌ಕೇಸ್ ಅಲ್ಲೇ ಇಳಿಸಿದರು. ಅಮ್ಮನ ಬಿಪಿ ಮಾತ್ರೆ ಅದರೊಳಗೆ.

ಮ್ಯೂನಿಕ್: ಆ ನದಿ ದಡ ಗಾಡಿಗಳ ಸಂತೆ. ಅದೇ ಮಾರಾ ನದಿ ಉತ್ತರ ಸೆರೆಂಗೆಟಿಯಲ್ಲೂ ಹರಿಯುತ್ತೆ. ಅದೇ ತಿಂಗಳುಗಳಲ್ಲಿ ಅಲ್ಲಿನ ಕೊಗಾಟೆಂಡೆ ಅನ್ನೋ ಜಾಗದಲ್ಲೂ ಹಿಂಡುಗಳು ದಾಟುತ್ತವೆ. 200 ಡಾಲರ್ ಯಾಕೆ ಕೊಡಬೇಕು?

ಲೆಸ್ಟರ್: ಕೊಗಾಟೆಂಡೆಗೆ ನೀವು ಹೋಗಿದ್ದೀರಾ? ಇಲ್ಲ ಅಲ್ವಾ? ಸಫಾರಿ ಹೊರಡುವ ಅರೂಷಾ ಊರಿನಿಂದ ರಸ್ತೆಯಲ್ಲಿ ಹೋದರೆ ಬೆನ್ನುಮೂಳೆ ಸಡಿಲ, ವಿಮಾನದಲ್ಲಿ ಹೋದರೆ ನೀವು ಉಳಿಸಿದ ದುಡ್ಡು ಅಲ್ಲಿಗೇ. 68 ವರ್ಷದವರನ್ನು ಕೂರಿಸಿಕೊಂಡು ಹೋಗಿ ನೋಡಿ, ಆಮೇಲೆ ಮಾತಾಡಿ.

ಝೂರಿಕ್: ಎರಡೂ ಬೇಡ. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕ್‌ಗೆ ಹೋಗಿ. ಕಂಪನಿಯವನ ಹಂಗಿಲ್ಲ, ನಮ್ಮ ಕಾರು ನಾವೇ ಓಡಿಸಿದೆವು. ಡಾಂಬರು ರಸ್ತೆಯಲ್ಲಿ 50, ಮಣ್ಣು ರಸ್ತೆಯಲ್ಲಿ 40ರ ಮಿತಿ. ಊರಿನ ಹಾಗೆ ಎಡಗಡೆ ಓಡಿಸೋದು. ಜುಲೈನಲ್ಲಿ ಅಲ್ಲಿ ಚಳಿಗಾಲ. ಎಲೆ ಉದುರಿರುತ್ತೆ, ಪ್ರಾಣಿ ಚೆನ್ನಾಗಿ ಕಾಣುತ್ತೆ. ಲೋವರ್ ಸಾಬಿ ಕ್ಯಾಂಪಿನಲ್ಲಿ ಸಂಜೆ ನಾನು ಅನ್ನ ಸಾರು ಮಾಡುತ್ತಿದ್ದೆ, ಕೆಳಗೆ ನದಿಯಲ್ಲಿ ನೀರಾನೆ ಗುಟುರು. ಯಾವ ಲಾಡ್ಜ್ ಕೊಡುತ್ತೆ ಈ ಸುಖ?

ಕಷ್ಟ ಆಗಿದ್ದು ವೀಸಾದಲ್ಲಿ. ನಮ್ಮವರದು ಸ್ವಿಸ್ ಪಾಸ್‌ಪೋರ್ಟ್, ವೀಸಾನೇ ಬೇಡ. ನನ್ನದು ಇಂಡಿಯನ್. ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ಹೋಟೆಲ್ ಬುಕಿಂಗ್, ಎಲ್ಲ ಕೊಟ್ಟೂ ವಿಮಾನದ ಹಿಂದಿನ ದಿನ ಪಾಸ್‌ಪೋರ್ಟ್ ಕೈಗೆ ಬಂತು. ಆಮೇಲೆ ಕಾರು ಬಾಡಿಗೆಯವರು ಗಾಜಿಗೆ ಕಲ್ಲು ಬಡಿದಿದೆ ಅಂತ ಡೆಪಾಸಿಟ್‌ನಲ್ಲಿ ಮುರಿದುಕೊಂಡರು. ಮೊದಲೇ ಇದ್ದ ಗುರುತು ಅದು! ಫೋಟೋ ಕಳಿಸಿದೆ, ಉತ್ತರವೇ ಇಲ್ಲ.

ಡಬ್ಲಿನ್: ಯಾರೂ ಹಳದಿ ಜ್ವರದ ಮಾತೇ ಎತ್ತಲಿಲ್ಲ. ಕೀನ್ಯಾದಿಂದ ಸೀದಾ ಬೆಂಗಳೂರು ಅಂದರೆ ಆ ಲಸಿಕೆಯ ಕಾರ್ಡ್ ಬೇಕೇ ಬೇಕು. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಅದಕ್ಕೆ ಬೆಲೆ. ಕಾರ್ಡ್ ಇಲ್ಲದಿದ್ದರೆ 6 ದಿನ ತುಂಬುವವರೆಗೆ ಕ್ವಾರಂಟೈನ್.

ಮ್ಯೂನಿಕ್: ಸುಮ್ನೆ ಹೆದರಿಸಬೇಡಿ. ನನ್ನ ಗೆಳೆಯರು ನೈರೋಬಿಯಿಂದ ಮುಂಬೈಗೆ ಬಂದರು, ಯಾರೂ ಕೇಳಲಿಲ್ಲ.

ಡಬ್ಲಿನ್: ನನ್ನ ಭಾವನನ್ನು ಕೇಳಿದರು ಸ್ವಾಮಿ. ತಂಗಿ ಮದುವೆಗೆ ಬಂದವನು, ಧಾರೆ ಹೊತ್ತಿಗೆ ಕ್ವಾರಂಟೈನ್ ಕೋಣೆಯಲ್ಲಿ ಕೂತಿದ್ದ. ವಿಡಿಯೋ ಕಾಲ್‌ನಲ್ಲಿ ಅಕ್ಷತೆ ಹಾಕಿದ. ನಿಮ್ಮ ಗೆಳೆಯರ ಅದೃಷ್ಟ ಎಲ್ಲರಿಗೂ ಇರಲ್ಲ. ಬಾಯಿಗೆ ಬಂದದ್ದು ಬರೆಯಬೇಡಿ.

ಮೈಸೂರು: ಇಷ್ಟೆಲ್ಲ ಯಾಕೆ? ಬೆಂಗಳೂರಿಗೆ ಹೇಗೂ ಬರ್ತಿದ್ದಾರೆ, ಕಬಿನಿಗೆ ಹೋಗಲಿ. ಹಿನ್ನೀರಿನ ದಡದಲ್ಲಿ ಆನೆಗಳ ಹಿಂಡು. ಅದೃಷ್ಟ ಇದ್ದರೆ ಹುಲಿ. ಹುಲಿ ಆಫ್ರಿಕಾದಲ್ಲಿದೆಯಾ?

ಲೆಸ್ಟರ್: ಕಬಿನಿಯಲ್ಲಿ ಆನೆ ಸೇರೋದು ನೀರು ಇಳಿದು ಹುಲ್ಲು ಬಂದಾಗ, ಮಾರ್ಚ್‌ನಿಂದ ಮೇವರೆಗೆ. ಅವರ ರಜೆ ಬರೋದು ಮಳೆಗಾಲದಲ್ಲಿ. ನಾನು ಹೆಗ್ಗಡದೇವನಕೋಟೆಯವನು, ನನಗೆ ಹೇಳಬೇಡಿ.

ಉಟ್ರೆಕ್ಟ್: ಎಲ್ಲರಿಗೂ ಥ್ಯಾಂಕ್ಸ್. ಅತ್ತೆಯ ವಯಸ್ಸಿಗೆ ಆ ಲಸಿಕೆ ಹಾಕುತ್ತಾರಾ? ಊಟದ ಬಗ್ಗೆನೂ ಯಾರಾದರೂ ಹೇಳಿ.

ಡಬ್ಲಿನ್: 60 ದಾಟಿದವರಿಗೆ ಅಪಾಯ ಸ್ವಲ್ಪ ಜಾಸ್ತಿ, ಡಾಕ್ಟರು ನೋಡಿ ತೀರ್ಮಾನಿಸುತ್ತಾರೆ. ಟಿಕೆಟ್ ತೆಗೆಯುವ ಮೊದಲೇ ಜಿಜಿಡಿಯಲ್ಲಿ (ನಿಮ್ಮಲ್ಲಿನ ಸರ್ಕಾರಿ ಆರೋಗ್ಯ ಕಚೇರಿ) ಕೇಳಿ. ಬೇಡ ಅಂದರೆ ಬೆಂಗಳೂರನ್ನು ಈ ಪ್ರವಾಸಕ್ಕೆ ಸೇರಿಸಬೇಡಿ.

ಲೆಸ್ಟರ್: ಊಟಕ್ಕೆ ಯೋಚನೆ ಬೇಡ ಅಕ್ಕ. ಕೀನ್ಯಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ. ಚಪಾತಿ ಅಲ್ಲಿನವರ ಊಟವೇ ಆಗಿದೆ. ಮೊಟ್ಟೆ ಬೇಡ ಅನ್ನೋದನ್ನು ಮಾತ್ರ ಬೇರೆಯಾಗಿ ಹೇಳಿ.

ಝೂರಿಕ್: ದಕ್ಷಿಣ ಆಫ್ರಿಕಾ ಹಳದಿ ಜ್ವರದ ಪಟ್ಟಿಯಲ್ಲೇ ಇಲ್ಲ. ಅಲ್ಲಿಂದ ಬೆಂಗಳೂರಿಗೆ ಆರಾಮಾಗಿ ಹೋಗಬಹುದು.

ಲೆಸ್ಟರ್: ಐದು ಜನರ ವೀಸಾ ಯಾರು ಓಡಾಡಿ ತರ್ತಾರೆ, ನೀವಾ?

ಝೂರಿಕ್: ನಾನು ಓಡಾಡಿ ತಂದಿಲ್ವಾ? ಅವರೂ ತರ್ತಾರೆ. ಮಾರ್ಚ್‌ನಲ್ಲೇ ಅರ್ಜಿ ಹಾಕಿ, ಉಟ್ರೆಕ್ಟ್‌ನವರೇ.