ಹಬಕ್ಕೂಕನ ‘ಎಮೂನಾ’: ನಂಬಿಕೆಯೋ, ನಿಷ್ಠೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬೈಬಲಿನ ಹಳೆಯ ಒಡಂಬಡಿಕೆಯ ಪ್ರವಾದಿ ಹಬಕ್ಕೂಕನ ಮಾತುಗಳನ್ನು ಕ್ರೈಸ್ತರ ಬದುಕಿಗೆ ಹೊಂದಿಸಿ ಹೇಳುವ ಸಣ್ಣ ಬರಹವೊಂದನ್ನು ತಿದ್ದುತ್ತಿದ್ದೇನೆ. ಎರಡನೆಯ ಅಧ್ಯಾಯದ ನಾಲ್ಕನೆಯ ವಚನಕ್ಕೆ ಬಂದವನು ಅಲ್ಲಿಂದ ಕದಲಲಾಗದೆ ಕುಳಿತಿದ್ದೇನೆ. ನೀತಿವಂತನು ತನ್ನ ‘ಎಮೂನಾ’ದಿಂದ ಬದುಕುತ್ತಾನೆ ಎನ್ನುತ್ತದೆ ಹೀಬ್ರೂ ಮೂಲ. ಅದನ್ನು ನಾವು ‘ನಂಬಿಕೆ’ ಎಂದು ಓದುತ್ತ ಬಂದಿದ್ದೇವೆ. ಕಥೋಲಿಕರ ಬಾಯಲ್ಲಿ ಹೆಚ್ಚಾಗಿ ‘ವಿಶ್ವಾಸ’. ಇದನ್ನೇ ಹಿಡಿದುಕೊಂಡು, ನಾನು ತಿದ್ದುತ್ತಿರುವ ಬರಹದ ಲೇಖಕರು, ಸಂಶಯಪಡದೆ ಇರುವುದೇ ಕ್ರೈಸ್ತ ಬದುಕು ಎಂಬ ತೀರ್ಮಾನಕ್ಕೆ ಬಂದಿದ್ದಾರೆ.

ನನ್ನ ತಕರಾರು ಇರುವುದು ಅಲ್ಲಿಯೇ. ಹಬಕ್ಕೂಕನ ಪುಸ್ತಕ ಶುರುವಾಗುವುದೇ ದೇವರ ಮೇಲಿನ ದೂರಿನಿಂದ: ಎಷ್ಟು ಕಾಲ ಮೊರೆಯಿಟ್ಟರೂ ನೀನು ಕೇಳುವುದಿಲ್ಲವಲ್ಲ ಎಂದು. ದುಷ್ಟರನ್ನು ದಂಡಿಸಲು ಕಸ್ದೀಯರನ್ನು, ಅಂದರೆ ಬಾಬೆಲಿನವರನ್ನು, ಎಬ್ಬಿಸುತ್ತೇನೆ ಎಂಬ ಉತ್ತರ ದೇವರಿಂದ ಬಂದಾಗಲೂ ಅವನು ಸುಮ್ಮನಾಗುವುದಿಲ್ಲ. ಅದಕ್ಕೆ ಅವರಿಗಿಂತ ದುಷ್ಟರೇ ಬೇಕಾಗಿತ್ತೆ ಎಂದು ಮತ್ತೆ ಕೇಳಿ, ಕಾವಲುಗೋಪುರ ಹತ್ತಿ ಉತ್ತರಕ್ಕಾಗಿ ಕಾಯುತ್ತಾನೆ. ಇಷ್ಟು ಜಗಳವಾಡುವವನ ಬಾಯಿಂದ ಬಂದ ಪದಕ್ಕೆ ‘ಸಂಶಯವಿಲ್ಲದಿರುವುದು’ ಎಂಬ ಅರ್ಥ ಹೇಗೆ ಹೊಂದೀತು?

ಇದೇ ಪದ ಬೇರೆಡೆ ಹೇಗೆ ಬಂದಿದೆ ಎಂದು ನೋಡಿದೆ. ಇಸ್ರಾಯೇಲ್ಯರಿಗೆ ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಆರೋನನೂ ಹೂರನೂ ಮೋಶೆಯ ಕೈಗಳನ್ನು ಎತ್ತಿ ಹಿಡಿದರಷ್ಟೆ. ಹೊತ್ತು ಮುಳುಗುವವರೆಗೆ ಆ ಕೈಗಳು ‘ಎಮೂನಾ’ ಆಗಿದ್ದವು (ವಿಮೋಚನಕಾಂಡ 17:12). ಅಂದರೆ ಇಳಿಯದೆ, ಅಲುಗದೆ ಇದ್ದವು. ಕೈಗಳಿಗೆ ನಂಬಿಕೆ ಎಲ್ಲಿಂದ ಬರಬೇಕು! ಅರಸನಾದ ಯೆಹೋವಾಷನ ಕಾಲದಲ್ಲಿ ದೇವಾಲಯದ ದುರಸ್ತಿ ಮಾಡಿಸಿದವರಿಂದ ಹಣದ ಲೆಕ್ಕವನ್ನೇ ಕೇಳಲಿಲ್ಲವಂತೆ, ಅವರು ‘ಎಮೂನಾ’ದಿಂದ ನಡೆದುಕೊಳ್ಳುತ್ತಿದ್ದರು ಎಂಬ ಕಾರಣಕ್ಕೆ (2 ಅರಸುಗಳು 12). ನಾವು ದಿನವೂ ಹೇಳುವ ‘ಆಮೆನ್’ ಕೂಡ ಇದೇ ಧಾತುವಿನಿಂದ ಬಂದದ್ದು.

ಹಾಗಾದರೆ ‘ನಿಷ್ಠೆ’ ಎಂದು ಬರೆದುಬಿಡಬಹುದಲ್ಲ ಎಂದು ಒಬ್ಬ ಗೆಳೆಯರು ಸೂಚಿಸಿದರು. ನೆಲೆಯಾಗಿ ನಿಲ್ಲುವುದು ಎಂಬ ಅರ್ಥ ಆ ಪದದ ಹೊಟ್ಟೆಯಲ್ಲೇ ಇದೆ. ಶರಣರು ಹೇಳುವ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದಲ್ಲಿಯೂ ಭಕ್ತಸ್ಥಲದ ಶ್ರದ್ಧೆಯಾದ ಮೇಲೆ ಮಹೇಶ್ವರಸ್ಥಲದ ನಿಷ್ಠೆ ಬರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಿದ ಭಾಷೆ ನಮ್ಮದು. ಆದರೆ ಇಂದು ನಿಷ್ಠೆ ಎಂದರೆ ಪಕ್ಷನಿಷ್ಠೆ, ಸ್ವಾಮಿನಿಷ್ಠೆಗಳೇ ಮೊದಲು ನೆನಪಾಗುತ್ತವೆ. ‘ನೆಚ್ಚಿಕೆ’ಯನ್ನೂ ಯೋಚಿಸಿದೆ. ‘ನೆಚ್ಚಿನ’ ಎಂಬುದು ಸಿನಿಮಾ ನಟರ ಪಾಲಾಗಿರುವುದರಿಂದ ಕೈಬಿಟ್ಟೆ.

ಇದಕ್ಕಿಂತ ದೊಡ್ಡ ತೊಡಕು ಹೊಸ ಒಡಂಬಡಿಕೆಯ ಪತ್ರಗಳನ್ನು ಬರೆದ ಅಪೊಸ್ತಲ ಪೌಲನದು. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಅವನು ಈ ವಚನವನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿನ ಗ್ರೀಕ್ ಪದ ‘ಪಿಸ್ತಿಸ್’ ನಂಬುವುದಕ್ಕೂ ಸಲ್ಲುತ್ತದೆ, ನಂಬಿಕೆಗೆ ಅರ್ಹವಾಗಿರುವುದಕ್ಕೂ ಸಲ್ಲುತ್ತದೆ. ಆದರೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪಿಸ್ತಿಸ್ ನಿಂತಿರುವುದು ಧರ್ಮಶಾಸ್ತ್ರದ ಕರ್ಮಗಳಿಗೆ, ಅಂದರೆ ಮೋಶೆಯ ಕಟ್ಟಳೆಗಳ ಪಾಲನೆಗೆ, ಎದುರಾಗಿ. ಅಲ್ಲಿ ನಿಷ್ಠೆ ಎಂದರೆ ವಾದವೇ ತಲೆಕೆಳಗಾಗುತ್ತದೆ. ಇಲ್ಲೊಂದು, ಅಲ್ಲೊಂದು ಪದ ಬಳಸಿದರೆ ಪೌಲನು ಹಬಕ್ಕೂಕನನ್ನೇ ಉದ್ಧರಿಸುತ್ತಿದ್ದಾನೆ ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಜೊತೆಗೆ ಸರ್ವನಾಮದ ಗೋಜು ಬೇರೆ: ಹೀಬ್ರೂವಿನಲ್ಲಿ ‘ತನ್ನ’, ಹಳೆಯ ಗ್ರೀಕ್ ಅನುವಾದದಲ್ಲಿ ದೇವರು ಹೇಳುವ ‘ನನ್ನ’, ಪೌಲನಲ್ಲಿ ಯಾವುದೂ ಇಲ್ಲ.

ಇಷ್ಟೆಲ್ಲ ಸುತ್ತಿ ನಾನು ಮತ್ತೆ ‘ನಂಬಿಕೆ’ಗೇ ಬರುತ್ತಿದ್ದೇನೆ, ಬೇರೆ ಕಾರಣಕ್ಕೆ. ‘ಅವನ ಮೇಲೆ ನಂಬಿಕೆ ಇದೆ’ ಎನ್ನುವಾಗ ನಂಬಿಕೆ ನನ್ನದು. ‘ಅವನು ನಂಬಿಕೆಯ ಆಳು’ ಎನ್ನುವಾಗ ಅದು ಅವನ ಗುಣ. ಲೆಕ್ಕ ಕೇಳಿಸಿಕೊಳ್ಳದ ಆ ಮೇಲ್ವಿಚಾರಕರು ಈ ಎರಡನೆಯ ಅರ್ಥದಲ್ಲಿ ನಂಬಿಕೆಯವರೇ. ‘ನಂಬಿಗಸ್ತ’ವಂತೂ ಬೈಬಲ್ ಓದುವವರಿಗೆ ಚಿರಪರಿಚಿತ. ಹಾಗಾಗಿ ಅನುವಾದವನ್ನು ಮುಟ್ಟದೆ ವಿವರಣೆಯನ್ನಷ್ಟೇ ತಿದ್ದಿ, ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನಗಳಿಲ್ಲದಿದ್ದರೂ ಕೈಬಿಡದವನ ನಂಬಿಕೆ ಇದು ಎಂದು ಮೂರನೆಯ ಅಧ್ಯಾಯದ ಬಲದಿಂದ ಬರೆಯೋಣವೆಂದಿದ್ದೇನೆ.

ನನ್ನ ಪ್ರಶ್ನೆ ಇಷ್ಟು: ‘ನೀತಿವಂತನು ತನ್ನ ನಂಬಿಕೆಯಿಂದ ಬದುಕುವನು’ ಎಂಬ ವಾಕ್ಯದಲ್ಲಿ ಈ ಎರಡನೆಯ ಅರ್ಥ ನಿಮಗೆ ಕೇಳಿಸುತ್ತದೆಯೆ? ಅಥವಾ ‘ನಂಬಿಕೆಯ ಆಳು’, ‘ನಂಬಿಕೆದ್ರೋಹ’ದಂತಹ ಜೋಡಿಗಳ ಹೊರಗೆ ಆ ಅರ್ಥ ನಿಲ್ಲುವುದಿಲ್ಲವೆ? ಹಳೆಯ ಬಳಕೆಯ ಉದಾಹರಣೆ ಗೊತ್ತಿದ್ದವರು ದಯವಿಟ್ಟು ತಿಳಿಸಿ.